ಪಂದ್ಯಗಳಿಲ್ಲದ ವರ್ಷಗಳ ನಾಯಕಿ

(ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿನಿಯರು, ಪಾಲಕರು ಮತ್ತು ದೈಹಿಕ ಶಿಕ್ಷಣ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಭಾರತದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಇಪ್ಪತ್ತು ವರ್ಷಕ್ಕೂ ಮೀರಿ ಆಡಿದ, ಅದರಲ್ಲಿ ಬಹುಕಾಲ ನಾಯಕಿಯೂ ಆಗಿದ್ದ ಮಣಿಪುರದ ಓಯಿನಂ ಬೆಂಬೆಮ್ ದೇವಿಯವರ ಆಟದ ಬದುಕನ್ನು ಕುರಿತು ಮಾತನಾಡಲು ಒಪ್ಪಿಕೊಂಡಾಗ ಮೊದಲು ಎದುರಾದದ್ದು ಅಂಕಿಗಳ ಕೊರತೆ. ಕ್ರಿಕೆಟಿಗರ ಜೀವನ ಹೇಳುವವರಿಗೆ ಆ ಕಷ್ಟವಿಲ್ಲ. ಓಟ, ಸರಾಸರಿ, ಶತಕ, ಯಾವ ಮೈದಾನದಲ್ಲಿ ಎಷ್ಟು ಎಂಬುದೆಲ್ಲ ಕೈಗೆ ಸಿಗುವಂತೆ ಜೋಡಿಸಿಟ್ಟಿರುತ್ತದೆ. ಬೆಂಬೆಮ್ ಆಡಿದ ಕಾಲದಲ್ಲಿ ಭಾರತದ ಮಹಿಳಾ ತಂಡ ಆಡಿದ ಪಂದ್ಯಗಳೇ ಕಡಿಮೆ, ಅವುಗಳಲ್ಲಿ ಟಿ.ವಿ.ಯಲ್ಲಿ ಬಂದವು ಇನ್ನೂ ಕಡಿಮೆ, ಪತ್ರಿಕೆಯ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಅದೇ ಹೆಚ್ಚು. ಹಾಗಾಗಿ ಗೋಲುಗಳನ್ನು ಎಣಿಸಿ ಅವರ ಎತ್ತರವನ್ನು ಅಳೆಯುವ ಪ್ರಯತ್ನವನ್ನು ನಾನು ಮಾಡುವುದಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಪಂದ್ಯಗಳೇ ಇಲ್ಲದ ವರ್ಷಗಳಲ್ಲೂ ಆಟಕ್ಕೆ ಸಿದ್ಧರಾಗಿ ಉಳಿದದ್ದು ಅವರ ನಾಯಕತ್ವದ ಬಹುದೊಡ್ಡ ಭಾಗ. ಹಾಗೆ ಉಳಿಯಲು ಅವರಿಗೆ ಸಾಧ್ಯವಾದದ್ದರ ಹಿಂದೆ ಒಂದು ಊರಿನ ಕೇರಿ, ಕೇರಿಯ ಕ್ಲಬ್ಬು ಮತ್ತು ಒಂದು ಸರ್ಕಾರಿ ನೌಕರಿ ಇವೆ. ಈ ಮೂರರ ಬಗ್ಗೆ ಕಾರವಾರದಲ್ಲಿ ಕುಳಿತು ಯೋಚಿಸುವುದು ಉಪಯುಕ್ತವೆಂದು ನನಗೆ ಅನಿಸುತ್ತದೆ.

ಅವರಿಗಿಂತ ಹಿಂದಿನ ಕತೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಭಾರತದಲ್ಲಿ ಮಹಿಳೆಯರ ಫುಟ್‌ಬಾಲ್ ನಿಧಾನವಾಗಿ ಮೇಲೇರುತ್ತ ಬಂದಿದೆ ಎಂಬ ಸಾಮಾನ್ಯ ಕಲ್ಪನೆ ಸರಿಯಲ್ಲ. ಅದು ಎತ್ತರದಲ್ಲಿ ಶುರುವಾಗಿ ಆಮೇಲೆ ಕುಸಿದ ಆಟ. 1975ರಲ್ಲಿ ಮಹಿಳಾ ಫುಟ್‌ಬಾಲಿಗಾಗಿಯೇ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿಕೊಂಡಿತು. ಐದೇ ವರ್ಷಗಳಲ್ಲಿ, 1980ರ ಜನವರಿಯಲ್ಲಿ, ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ಕೋಯಿಕ್ಕೋಡಿನಲ್ಲಿ ನಡೆಯಿತು. ಆತಿಥೇಯ ದೇಶವಾದ ಭಾರತ ಉತ್ತರ ಮತ್ತು ದಕ್ಷಿಣ ಎಂದು ಎರಡು ತಂಡಗಳನ್ನು ಕಣಕ್ಕಿಳಿಸಿತ್ತು. ದಕ್ಷಿಣದ ತಂಡ ಫೈನಲಿಗೆ ಹೋಗಿ ತೈವಾನಿನ ಎದುರು ಸೋತು ಎರಡನೆಯ ಸ್ಥಾನ ಪಡೆಯಿತು. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯ ಸ್ಥಾನ, 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಎರಡನೆಯ ಸ್ಥಾನ ಬಂತು. ಬಂಗಾಳದ ಶಾಂತಿ ಮಲ್ಲಿಕ್ ಅದೇ 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ನಮ್ಮ ರಾಜ್ಯದ ಚಿತ್ರಾ ಗಂಗಾಧರನ್ ಮತ್ತು ನಮ್ಮ ನೆರೆಯ ಗೋವೆಯ ಯೋಲಾಂಡಾ ಡಿಸೋಜಾ ಭಾರತಕ್ಕೆ ಆಡಿದ್ದು ಆ ಪೀಳಿಗೆಯಲ್ಲಿಯೇ. ಇಂದು ವಿಶ್ವಕಪ್ ಗೆಲ್ಲುವ ಮಟ್ಟಕ್ಕೆ ಏರಿರುವ ಜಪಾನ್ ಆಗಿನ್ನೂ ಅಕ್ಷರ ತಿದ್ದುತ್ತಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಮುಂದೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಚೀನಾ, ಜಪಾನ್, ಕೊರಿಯಾ ದೇಶಗಳು ಹೆಣ್ಣುಮಕ್ಕಳಿಗಾಗಿ ಶಾಲೆಯ ಮಟ್ಟದಿಂದ ತರಬೇತಿ ಶುರುಮಾಡಿದವು, ಲೀಗ್ ಕಟ್ಟಿದವು. ನಮ್ಮಲ್ಲಿ ಸ್ವತಂತ್ರ ಮಹಿಳಾ ಸಂಸ್ಥೆಯ ಹೊಣೆ 1990ರ ದಶಕದ ಆರಂಭದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ವರ್ಗವಾಯಿತು. ಪುರುಷರ ಫುಟ್‌ಬಾಲಿಗೇ ಹಣ ಸಾಲದ ಆ ದಿನಗಳಲ್ಲಿ ಮಹಿಳಾ ತಂಡ ಪಟ್ಟಿಯ ಕೊನೆಯ ಸಾಲಿಗೆ ಸರಿದದ್ದು ಅಚ್ಚರಿಯಲ್ಲ. ಅಚ್ಚರಿಯಲ್ಲ ಎನ್ನುವಾಗ ಅದನ್ನು ಸಮರ್ಥಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು.

ಬೆಂಬೆಮ್ ಹುಟ್ಟಿದ್ದು 1980ರ ಏಪ್ರಿಲ್ 4ರಂದು, ಇಂಫಾಲದಲ್ಲಿ. ಅಂದರೆ ಕೋಯಿಕ್ಕೋಡಿನ ಆ ಫೈನಲ್ ಮುಗಿದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಇಂಫಾಲದಲ್ಲಿ ಕೇರಿಗೆ ಲೈಕಾಯಿ ಎನ್ನುತ್ತಾರೆ. ಒಂದೊಂದು ಲೈಕಾಯಿಗೂ ತನ್ನದೇ ಕ್ಲಬ್ಬು, ತನ್ನದೇ ಹಿರಿಯರು, ಆಟದ ಬಯಲು, ಪಕ್ಕದ ಕೇರಿಯೊಡನೆ ಹಠ. ಬೆಂಬೆಮ್ ಎಂಟು-ಒಂಬತ್ತು ವರ್ಷದವರಿದ್ದಾಗ ಹುಡುಗರ ಜೊತೆಗೆ ಆಡತೊಡಗಿದರು. ಹುಡುಗಿ ಎಂದು ಗೊತ್ತಾದರೆ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲವೆಂದು ಗಂಡು ಹೆಸರು ಹೇಳಿಕೊಂಡು ಆಡಿದ್ದನ್ನು ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮನೆಯಲ್ಲಿ ಮೊದಮೊದಲು ವಿರೋಧವೇ ಇತ್ತು. 1991ರಲ್ಲಿ ಮಣಿಪುರದ ಹದಿಮೂರು ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು, ಸಿಂಗ್ಜಮೈ ಭಾಗದ ಒಂದು ಕೇರಿ ಕ್ಲಬ್ಬು ಅವರನ್ನು ಸೇರಿಸಿಕೊಂಡಿತು, 1993ರ ಹೊತ್ತಿಗೆ ರಾಜ್ಯದ ಹಿರಿಯರ ತಂಡದಲ್ಲಿ ಅವರ ಸ್ಥಾನ ಗಟ್ಟಿಯಾಯಿತು. ಆಗ ಅವರಿಗೆ ಹದಿಮೂರು ವರ್ಷ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಣಿಪುರದ ಹುಡುಗಿಯರೇ ಏಕೆ ಇಷ್ಟು ಸಂಖ್ಯೆಯಲ್ಲಿ ಆಟಕ್ಕೆ ಬರುತ್ತಾರೆ ಎಂಬ ಪ್ರಶ್ನೆಯನ್ನು ಎಲ್ಲ ಕಡೆ ಕೇಳುತ್ತಾರೆ. ಭಾರ ಎತ್ತುವುದರಲ್ಲಿ ಕುಂಜರಾಣಿ ದೇವಿ, ಮೀರಾಬಾಯಿ ಚಾನು, ಬಾಕ್ಸಿಂಗಿನಲ್ಲಿ ಮೇರಿ ಕೋಮ್, ಫುಟ್‌ಬಾಲಿನಲ್ಲಂತೂ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದ ರಾಜ್ಯ ಅದು. ಬೆಟ್ಟದ ಗಾಳಿ, ಅಲ್ಲಿಯ ಊಟ, ಮೈಕಟ್ಟು ಎಂದೆಲ್ಲ ಉತ್ತರ ಹೇಳುವುದು ರೂಢಿ. ನನಗೆ ಆ ಉತ್ತರಗಳಲ್ಲಿ ನಂಬಿಕೆ ಕಡಿಮೆ. ಇಂಫಾಲದ ನಡುವೆ ಇರುವ ಇಮಾ ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ಕೂರುವ ಸಾವಿರಾರು ಮಂದಿಯೆಲ್ಲ ಹೆಂಗಸರೇ. 1904 ಮತ್ತು 1939ರಲ್ಲಿ ಬ್ರಿಟಿಷ್ ಆಡಳಿತದ ನೀತಿಗಳ ವಿರುದ್ಧ ಬೀದಿಗಿಳಿದು ಹೋರಾಡಿದವರೂ ಅಲ್ಲಿಯ ಹೆಂಗಸರೇ. ಬೆಳಗಿನ ಜಾವ ಮನೆಯಿಂದ ಹೊರಟು, ನಾಲ್ಕು ಜನರ ನಡುವೆ ಗಟ್ಟಿ ದನಿಯಲ್ಲಿ ವ್ಯವಹಾರ ಮಾಡಿ, ದುಡಿದ ಹಣವನ್ನು ತಾನೇ ಎಣಿಸಿಕೊಂಡು ಮನೆಗೆ ಮರಳುವ ಹೆಂಗಸನ್ನು ದಿನವೂ ನೋಡುವ ಊರಿನಲ್ಲಿ, ಮಗಳು ಸಂಜೆ ಬಯಲಿಗೆ ಹೋದಳೆಂದು ಆಕಾಶ ಕಳಚಿ ಬೀಳುವುದಿಲ್ಲ. ಕಾರವಾರದ ಮೀನು ಪೇಟೆಯಲ್ಲಿ ಬುಟ್ಟಿಯ ಹಿಂದೆ ಕೂತ ಅವ್ವಂದಿರನ್ನೂ ಅಂಕೋಲೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಹೆಂಗಸರನ್ನೂ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ನಮ್ಮಲ್ಲಿ ಮಗಳು ಬಯಲಿಗೆ ಏಕೆ ಬರಲಿಲ್ಲ ಎಂದು ನೀವು ಕೇಳಬಹುದು. ಮಾರುಕಟ್ಟೆಯ ಧೈರ್ಯ ಎರಡೂ ಕಡೆ ಇದೆ; ಕೇರಿಯ ಕ್ಲಬ್ಬು ಅಲ್ಲಿದೆ, ಇಲ್ಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹದಿನೈದನೆಯ ವಯಸ್ಸಿಗೆ, 1995ರಲ್ಲಿ, ಬೆಂಬೆಮ್ ಭಾರತಕ್ಕೆ ಆಡಿದರು. ಅವರು ಸೇರಿಕೊಂಡ ತಂಡ ಎಂಥದ್ದಾಗಿತ್ತು ಎಂಬುದಕ್ಕೆ ಒಂದು ಪಂದ್ಯದ ಫಲಿತಾಂಶ ಸಾಕು. 1998ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾ ಭಾರತವನ್ನು 16–0ರಿಂದ ಸೋಲಿಸಿತು. ಚೀನಾ ಅಂದಿಗೆ ಒಲಿಂಪಿಕ್ ಬೆಳ್ಳಿ ಗೆದ್ದಿದ್ದ, ಮರುವರ್ಷ ವಿಶ್ವಕಪ್ ಫೈನಲಿಗೆ ಹೋಗಲಿದ್ದ ತಂಡ. ಹದಿನೈದು ವರ್ಷಗಳ ಹಿಂದೆ ಏಷ್ಯಾದ ಫೈನಲಿನಲ್ಲಿ ಆಡಿದ್ದ ದೇಶ ಈಗ ಏಷ್ಯಾದ ಮೇಲ್ಮಟ್ಟದವರ ಎದುರು ನಿಲ್ಲಲಾರದು ಎಂಬುದು ಅಂದು ಬಯಲಾಯಿತು. ಇಂಥ ಸೋಲುಗಳನ್ನು ನಾವು ಮುಜುಗರದ ವಿಷಯವೆಂದು ಬದಿಗಿಡುತ್ತೇವೆ. ಆದರೆ ನನಗೆ ಬೆಂಬೆಮ್ ಅವರ ಪೀಳಿಗೆಯನ್ನು ಅರ್ಥ ಮಾಡಿಕೊಳ್ಳಲು ಅವರ ಗೆಲುವುಗಳಿಗಿಂತ ಈ ಬಗೆಯ ಸೋಲುಗಳೇ ಹೆಚ್ಚು ನೆರವಾಗಿವೆ. ಹದಿನಾರು ಗೋಲು ತಿಂದ ತಂಡದ ಹುಡುಗಿ ಊರಿಗೆ ಮರಳಿ, ಕೇಳಿದವರಿಗೆಲ್ಲ ಉತ್ತರ ಹೇಳಿ, ಮುಂದಿನ ಪಂದ್ಯ ಯಾವಾಗ ಎಂಬುದೇ ತಿಳಿಯದೆ, ಮರುದಿನ ಬೆಳಗ್ಗೆ ಮತ್ತೆ ಬೂಟಿನ ಲೇಸು ಬಿಗಿಯುವುದಾದರೂ ಯಾವ ಭರವಸೆಯ ಮೇಲೆ? ಅವಳ ಮುಂದೆ ಲೀಗ್ ಇರಲಿಲ್ಲ. ಸಂಬಳದ ಒಪ್ಪಂದ ಎಂಬುದು ದೂರದ ಮಾತು. ವರ್ಷಕ್ಕೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದರೆ ಅದೇ ಋತು.

ಅವರು ಆಡುತ್ತಿದ್ದದ್ದು ಮಿಡ್‌ಫೀಲ್ಡಿನಲ್ಲಿ, ಆರನೆಯ ಸಂಖ್ಯೆಯ ಜರ್ಸಿ ತೊಟ್ಟು. ಫುಟ್‌ಬಾಲ್ ಬಲ್ಲವರಿಗೆ ಆ ಜಾಗದ ಕೆಲಸ ಗೊತ್ತು. ಇಲ್ಲದವರಿಗಾಗಿ ಒಂದೆರಡು ಮಾತು. ಮುಂದಿನ ಸಾಲಿನಲ್ಲಿ ಗೋಲು ಹೊಡೆಯುವವಳಿಗೆ ಚಪ್ಪಾಳೆ ಸಿಗುತ್ತದೆ, ಗೋಲ್‌ಕೀಪರ್ ತಡೆದರೆ ಅವಳ ಫೋಟೋ ಬರುತ್ತದೆ. ನಡುವೆ ಆಡುವವಳು ಹಿಂದಿನವರಿಂದ ಚೆಂಡು ಪಡೆದು, ತಲೆ ಎತ್ತಿ ನೋಡಿ, ಯಾರು ಎಲ್ಲಿ ಓಡುತ್ತಿದ್ದಾರೆಂದು ತಿಳಿದು, ಸರಿಯಾದ ಗಳಿಗೆಯಲ್ಲಿ ಸಾಗಹಾಕಬೇಕು. ಚೆಂಡು ಕೈತಪ್ಪಿ ಎದುರಾಳಿಯ ಪಾಲಾದರೆ ಮೊದಲು ಹಿಂದಕ್ಕೆ ಓಡಬೇಕಾದವಳೂ ಅವಳೇ. ಬಲಿಷ್ಠ ತಂಡದಲ್ಲಿ ಇದು ಆಟದ ಗತಿಯನ್ನು ನಿರ್ಧರಿಸುವ ಸ್ಥಾನ. ದುರ್ಬಲ ತಂಡದಲ್ಲಿ ಇದು ಆಟವಿಡೀ ಬಿರುಕು ಮುಚ್ಚುವ ಸ್ಥಾನ. ಬೆಂಬೆಮ್ ಎರಡನ್ನೂ ಮಾಡಿದವರು. ದಕ್ಷಿಣ ಏಷ್ಯಾದ ತಂಡಗಳ ಎದುರು ಮೊದಲನೆಯದು, ಪೂರ್ವ ಏಷ್ಯಾದವರ ಎದುರು ಎರಡನೆಯದು. ಒಂದೇ ಆಟಗಾರ್ತಿ ಒಂದೇ ವರ್ಷದಲ್ಲಿ ಇಂಥ ಎರಡು ತದ್ವಿರುದ್ಧ ಆಟಗಳಿಗೆ ಹೊಂದಿಕೊಳ್ಳುವುದು ಎಷ್ಟು ಕಠಿಣ ಎಂಬುದನ್ನು ತರಬೇತುದಾರರನ್ನು ಕೇಳಿ ನೋಡಿ.

2003ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ಗೆ ಅವರು ನಾಯಕಿಯಾದರು. ಅಂದಿನಿಂದ ಮುಂದಿನ ಆರೇಳು ವರ್ಷಗಳ ಕತೆಯೇ ನನ್ನ ಉಪನ್ಯಾಸದ ತಿರುಳು, ಆದರೆ ಹೇಳಲು ಅಲ್ಲಿ ಘಟನೆಗಳಿಲ್ಲ. ಆಗೊಂದು ಈಗೊಂದು ಅರ್ಹತಾ ಪಂದ್ಯ, ಅದಕ್ಕೆ ಮುನ್ನ ಅವಸರದ ಶಿಬಿರ, ಸೋಲು, ಮತ್ತೆ ಮೌನ. ಈ ಮೌನ ಎಷ್ಟು ದೀರ್ಘವಾಯಿತೆಂದರೆ, ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಲಿಲ್ಲವೆಂಬ ಕಾರಣಕ್ಕೆ 2009ರಲ್ಲಿ ಫಿಫಾ ತನ್ನ ಮಹಿಳಾ ಕ್ರಮಾಂಕ ಪಟ್ಟಿಯಿಂದ ಭಾರತವನ್ನು ತೆಗೆದುಹಾಕಿತು. ನೂರು ಕೋಟಿಗೂ ಹೆಚ್ಚು ಜನರಿರುವ ದೇಶ, ಒಂದು ಕಾಲಕ್ಕೆ ಏಷ್ಯಾದಲ್ಲಿ ಎರಡನೆಯ ಸ್ಥಾನದಲ್ಲಿದ್ದ ದೇಶ, ಪಟ್ಟಿಯ ಕೊನೆಯಲ್ಲೂ ಇರಲಿಲ್ಲ. ತಂಡ ಸೋತದ್ದಕ್ಕಾಗಿ ಹೀಗಾದದ್ದಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಸೋತಿದ್ದರೆ ಕೆಳಗಿನ ಕ್ರಮಾಂಕವಾದರೂ ಸಿಗುತ್ತಿತ್ತು.

ಅಂಥ ಹೊತ್ತಿನಲ್ಲಿ ನಾಯಕಿಗೆ ಏನು ಕೆಲಸ? ಟಾಸ್ ಹಾಕಲು ಪಂದ್ಯವಿಲ್ಲ, ರೆಫರಿಯೊಡನೆ ಮಾತಾಡಲು ಮೈದಾನವಿಲ್ಲ. ಆದರೂ ಇಂಫಾಲದಲ್ಲಿ ಅವರು ಆಡುತ್ತಲೇ ಇದ್ದರು, ರಾಜ್ಯ ತಂಡವನ್ನು ರಾಷ್ಟ್ರೀಯ ಪ್ರಶಸ್ತಿಗಳತ್ತ ನಡೆಸುತ್ತಲೇ ಇದ್ದರು. ಇದು ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ ಮಣಿಪುರ ಪೊಲೀಸ್ ಇಲಾಖೆಯಲ್ಲಿ ಅವರಿಗಿದ್ದ ನೌಕರಿ. ಕ್ರೀಡಾ ಸಾಧನೆಯ ಬರಹಗಳಲ್ಲಿ ನೌಕರಿಯ ಮಾತು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಛಲ, ತ್ಯಾಗ, ಕನಸುಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ನನಗೆ ಇದು ತಲೆಕೆಳಗಾದ ಲೆಕ್ಕವೆಂದು ತೋರುತ್ತದೆ. ಛಲವುಳ್ಳ ಹುಡುಗಿಯರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ತಿಂಗಳ ಒಂದನೆಯ ತಾರೀಕಿಗೆ ಬರುವ ಸಂಬಳ, ಆಟಕ್ಕೆ ಸಿಗುವ ರಜೆ, ಇಲಾಖೆಯದೇ ತಂಡ, ಮದುವೆಯ ಮಾತು ಬಂದಾಗ ‘ಅವಳಿಗೆ ಕೆಲಸವಿದೆ’ ಎಂದು ಹೇಳಲು ಮನೆಯವರಿಗೆ ಸಿಗುವ ಒಂದು ಆಧಾರ, ಇವು ಎಲ್ಲರಿಗೂ ಇಲ್ಲ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿಗೆ ನಮ್ಮಲ್ಲಿ ಎಷ್ಟು ಒಳ್ಳೆಯ ಆಟಗಾರ್ತಿಯರು ಆಟ ಬಿಡುತ್ತಾರೆ ಎಂಬುದು ಇಲ್ಲಿರುವ ದೈಹಿಕ ಶಿಕ್ಷಕರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೆಂಬೆಮ್ ನಾಯಕಿಯಾದದ್ದೇ ಆ ವಯಸ್ಸಿನಲ್ಲಿ.

ಮಣಿಪುರದಲ್ಲಿ ಆಗ ಬಂದ್, ಕರ್ಫ್ಯೂ, ಹೆದ್ದಾರಿ ತಡೆಗಳು ದಿನನಿತ್ಯದ ಸಂಗತಿಗಳಾಗಿದ್ದವು. ಆ ಕುರಿತು ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಅಭ್ಯಾಸಕ್ಕೆ ಹೋಗಬೇಕಾದ ಬೆಳಗ್ಗೆ ಬೀದಿ ಮುಚ್ಚಿರುವುದು ಎಂದರೇನು ಎಂಬುದನ್ನು ನೀವೇ ಊಹಿಸಿಕೊಳ್ಳಿ.

2010ರಿಂದ ಗಾಳಿ ತಿರುಗಿತು. ಆ ವರ್ಷ ಢಾಕಾದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಮಹಿಳಾ ಫುಟ್‌ಬಾಲ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಫೈನಲಿನಲ್ಲಿ ಭಾರತ ನೇಪಾಳವನ್ನು 3–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ಮೊದಲ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್) ಮಹಿಳಾ ಚಾಂಪಿಯನ್‌ಷಿಪ್ ನಡೆದು, ಅಲ್ಲಿಯೂ ನೇಪಾಳದ ಎದುರು 1–0ರ ಗೆಲುವು ಬಂತು. ಅದೇ ಕೂಟದಲ್ಲಿ ಭೂತಾನಿನ ವಿರುದ್ಧ 18–0ರಿಂದ ಗೆದ್ದದ್ದು ಭಾರತದ ಅತಿ ದೊಡ್ಡ ಗೆಲುವಾಗಿ ದಾಖಲಾಯಿತು. ಹನ್ನೆರಡು ವರ್ಷ ಹಿಂದೆ ಹದಿನಾರು ಗೋಲು ತಿಂದ ತಂಡ ಈಗ ಹದಿನೆಂಟು ಹೊಡೆಯಿತೆಂದು ಹಿಗ್ಗುವವರಿದ್ದಾರೆ. ಎದುರಿಗಿದ್ದ ಭೂತಾನಿನ ಹುಡುಗಿಯರ ಸ್ಥಿತಿ ಬ್ಯಾಂಕಾಕಿನಲ್ಲಿದ್ದ ನಮ್ಮ ಹುಡುಗಿಯರದ್ದಕ್ಕಿಂತ ಬೇರೆಯಾಗಿರಲಿಲ್ಲ ಎಂಬುದು ನನಗೆ ಮರೆಯುವುದಿಲ್ಲ. 2012ರಲ್ಲಿ ಕೊಲಂಬೊದಲ್ಲಿ ಬೆಂಬೆಮ್ ನಾಯಕತ್ವದಲ್ಲಿ ಮತ್ತೆ ಸ್ಯಾಫ್ ಪ್ರಶಸ್ತಿ, 2014ರಲ್ಲಿ ಇಸ್ಲಾಮಾಬಾದಿನಲ್ಲಿ ಮೂರನೆಯದು. 2016ರ ಫೆಬ್ರವರಿಯಲ್ಲಿ ಶಿಲ್ಲಾಂಗಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫೈನಲಿನಲ್ಲಿ ನೇಪಾಳವನ್ನು 4–0ರಿಂದ ಸೋಲಿಸಿದ ತಂಡದಲ್ಲಿದ್ದು, ಮೂವತ್ತಾರಕ್ಕೆ ಕಾಲಿಡುವ ಹೊತ್ತಿಗೆ ಅವರು ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ತನ್ನದೇ ಈಶಾನ್ಯದ ನೆಲದಲ್ಲಿ ಕೊನೆಯ ಪದಕ ಬಂದದ್ದು ಒಳ್ಳೆಯದೇ ಆಯಿತು.

ಈ ಗೆಲುವುಗಳನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಅವುಗಳನ್ನು ಹಿಗ್ಗಿಸಿ ಹೇಳುವವರ ಸಾಲಿನಲ್ಲೂ ನಿಲ್ಲುವುದಿಲ್ಲ. ದಕ್ಷಿಣ ಏಷ್ಯಾದಲ್ಲಿ ಗೆಲ್ಲುತ್ತಿದ್ದ ತಂಡವೇ 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾ ಮತ್ತು ಥಾಯ್ಲೆಂಡ್ ಎರಡರ ಎದುರೂ ಹತ್ತು ಹತ್ತು ಗೋಲುಗಳಿಂದ ಸೋತಿತು. ಅತ್ತ ನೇಪಾಳ, ಬಾಂಗ್ಲಾದೇಶಗಳು ಸುಮ್ಮನೆ ಕೂರಲಿಲ್ಲ. 2022 ಮತ್ತು 2024ರ ಸ್ಯಾಫ್ ಪ್ರಶಸ್ತಿಗಳು ಬಾಂಗ್ಲಾದೇಶದ ಪಾಲಾದವು, ಎರಡೂ ಸಲ ಭಾರತ ಸೆಮಿಫೈನಲಿನಲ್ಲಿ ನೇಪಾಳಕ್ಕೆ ಸೋತಿತು. ಒಬ್ಬ ನಾಯಕಿ ತನ್ನ ಪೀಳಿಗೆಯನ್ನು ಹಿಡಿದು ನಿಲ್ಲಿಸಬಹುದು. ಮುಂದಿನ ಪೀಳಿಗೆಗೆ ಬೇಕಾದ ಲೀಗ್, ತರಬೇತುದಾರರು, ವಯೋಮಾನದ ತಂಡಗಳನ್ನು ಅವಳು ಒಬ್ಬಳೇ ಕಟ್ಟಲಾರಳು.

ಲೀಗಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2014ರಲ್ಲಿ ಬೆಂಬೆಮ್ ಮಾಲ್ದೀವ್ಸಿಗೆ ಹೋಗಿ ನ್ಯೂ ರೇಡಿಯಂಟ್ ಎಂಬ ಕ್ಲಬ್ಬಿಗೆ ಆಡಿದರು. ಇಡೀ ದೇಶದ ಜನಸಂಖ್ಯೆ ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದಕ್ಕಿಂತ ಕಡಿಮೆ ಇರುವ ಆ ದ್ವೀಪಗಳಲ್ಲಿ ಹೆಂಗಸರ ಕ್ಲಬ್ ಪಂದ್ಯಾವಳಿ ಇತ್ತು, ಭಾರತದಲ್ಲಿ ಇರಲಿಲ್ಲ. ನಮ್ಮಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು ಅವರು ನಿವೃತ್ತರಾದ ಮೇಲೆ. 2017ರ ಫೆಬ್ರವರಿ 14ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆದ ಅದರ ಮೊದಲ ಫೈನಲಿನಲ್ಲಿ ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ತಂಡ ಒಡಿಶಾದ ರೈಸಿಂಗ್ ಸ್ಟೂಡೆಂಟ್ ಕ್ಲಬ್ಬನ್ನು 3–0ರಿಂದ ಸೋಲಿಸಿತು. ಗೆದ್ದ ತಂಡದ ಉಸ್ತುವಾರಿ ಬೆಂಬೆಮ್ ಅವರದ್ದೇ ಆಗಿತ್ತು. ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಗಬೇಕಾಗಿದ್ದ ಲೀಗ್ ಮೂವತ್ತಾರರಲ್ಲಿ ಬಂದಾಗ ಅವರು ಮುನಿಸಿಕೊಂಡು ದೂರ ನಿಲ್ಲದೆ ಒಳಗೆ ಹೋಗಿ ಒಂದು ತಂಡವನ್ನು ಗೆಲ್ಲಿಸಿದರು.

ಪ್ರಶಸ್ತಿಗಳ ಬಗ್ಗೆ ಎರಡು ಮಾತು ಸಾಕು. ಫೆಡರೇಷನ್ನಿನ ವರ್ಷದ ಆಟಗಾರ್ತಿ ಗೌರವ ಅವರಿಗೆ 2001ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಬಂತು. ಸಾಮಾನ್ಯ ಆಟಗಾರ್ತಿಯ ಇಡೀ ಆಟದ ಬದುಕೇ ಆ ಎರಡು ವರ್ಷಗಳ ನಡುವೆ ಮುಗಿದುಹೋಗುತ್ತದೆ. 2017ರಲ್ಲಿ ಅರ್ಜುನ ಬಂದಾಗ, ಶಾಂತಿ ಮಲ್ಲಿಕ್ ಅವರ ನಂತರ ಆ ಗೌರವ ಪಡೆದ ಎರಡನೆಯ ಮಹಿಳಾ ಫುಟ್‌ಬಾಲ್ ಪಟು ಅವರಾದರು. ನಡುವೆ ಮೂವತ್ತನಾಲ್ಕು ವರ್ಷ. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, ಗೋಷ್ಠ ಪಾಲ್, ಶೈಲೇನ್ ಮನ್ನಾ, ಸುನಿಲ್ ಛೆಟ್ರಿ ಮುಂತಾದವರ ಸಾಲಿಗೆ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳ ಹೆಸರು ಸೇರಿತು.

ಅವರ ನಂತರದವರ ದಾರಿ ಸುಗಮವಾಯಿತೆಂದು ಹೇಳುವಂತಿಲ್ಲ, ಅಗಲವಾಯಿತೆನ್ನಬಹುದು. ಮಣಿಪುರದವರೇ ಆದ ಬಾಲಾ ದೇವಿ 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನೊಡನೆ ವೃತ್ತಿಪರ ಒಪ್ಪಂದ ಮಾಡಿಕೊಂಡರು. ಆಶಾಲತಾ ದೇವಿ ನಾಯಕಿಯಾಗಿದ್ದಾಗ, 2022ರ ಜನವರಿಯಲ್ಲಿ ಏಷ್ಯಾ ಕಪ್ ನಮ್ಮ ನೆಲಕ್ಕೇ ಬಂದಿತ್ತು. ಇರಾನಿನೊಡನೆ ಗೋಲಿಲ್ಲದೆ ಸಮಬಲವಾದ ಮೊದಲ ಪಂದ್ಯದ ನಂತರ ತಂಡದೊಳಗೆ ಕೋವಿಡ್ ಹರಡಿ, ಎರಡನೆಯ ಪಂದ್ಯಕ್ಕೆ ಹೆಸರು ಕೊಡುವಷ್ಟು ಆಟಗಾರ್ತಿಯರಿಲ್ಲದೆ ಆತಿಥೇಯರೇ ಕೂಟದಿಂದ ಹೊರಬೀಳಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಫಿಫಾ ಭಾರತದ ಫೆಡರೇಷನ್ನನ್ನು ಕೆಲ ದಿನ ಅಮಾನತಿನಲ್ಲಿಟ್ಟಾಗ, ಏಷ್ಯಾ ಕ್ಲಬ್ ಚಾಂಪಿಯನ್‌ಷಿಪ್ ಆಡಲು ತಾಷ್ಕೆಂಟಿಗೆ ಹೋಗಿ ಇಳಿದಿದ್ದ ಗೋಕುಲಂ ಕೇರಳ ತಂಡದ ಹುಡುಗಿಯರು ಆಡದೆ ಮರಳಿದರು. ಆಡಳಿತದ ಜಗಳದಲ್ಲಿ ಅವರ ಪಾಲು ಏನೂ ಇರಲಿಲ್ಲ. ಇದರ ನಡುವೆಯೇ 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳಿಂದ ಭಾರತ ಥಾಯ್ಲೆಂಡನ್ನು 2–1ರಿಂದ ಸೋಲಿಸಿ, ಅರ್ಹತಾ ಸುತ್ತನ್ನು ಆಡಿ ಗೆದ್ದು ಏಷ್ಯಾ ಕಪ್‌ಗೆ ಮೊದಲ ಬಾರಿ ಪ್ರವೇಶ ಪಡೆಯಿತು. ಆ ತಂಡದ ನಾಯಕಿ ಸ್ವೀಟಿ ದೇವಿಯೂ ಮಣಿಪುರದವರೇ. ಬೆಂಬೆಮ್, ಬಾಲಾ, ಆಶಾಲತಾ, ಸ್ವೀಟಿ: ನಾಯಕತ್ವ ಇಂಥ ಚಿಕ್ಕ ರಾಜ್ಯದಲ್ಲಿ ಕೈಯಿಂದ ಕೈಗೆ ದಾಟುತ್ತಿರುವುದು ಆಕಸ್ಮಿಕವೆಂದು ನಾನು ನಂಬುವುದಿಲ್ಲ.

ಈಗ ನಮ್ಮ ಜಿಲ್ಲೆಯ ಮಾತು. ಫುಟ್‌ಬಾಲ್ ನಮಗೆ ಹೊರಗಿನ ಆಟವಲ್ಲ. ಮಾಜಾಳಿ ದಾಟಿದರೆ ಗೋವೆ, ಅಲ್ಲಿ ಫುಟ್‌ಬಾಲ್ ರಾಜ್ಯದ ಅಧಿಕೃತ ಕ್ರೀಡೆ. ಮದುವೆ, ಹಬ್ಬ, ನೆಂಟಸ್ತನಗಳ ಜೊತೆಗೆ ಈ ಆಟವೂ ಕಾಳಿ ನದಿಯ ಈಚೆಗೆ ಎಂದೋ ಬಂದಿದೆ. ಸಂಜೆ ಕಡಲ ತೀರದಲ್ಲೂ ಮಾಲಾದೇವಿ ಮೈದಾನದಲ್ಲೂ ಚೆಂಡಿನ ಹಿಂದೆ ಓಡುವ ಹುಡುಗರನ್ನು ನೋಡದವರು ಈ ಊರಿನಲ್ಲಿ ಇರಲಿಕ್ಕಿಲ್ಲ. ಹುಡುಗಿಯರನ್ನು ಮಾತ್ರ ನಾವು ಶಾಲೆಯಲ್ಲಿ ಥ್ರೋಬಾಲ್ ಮತ್ತು ಖೊಖೊ ತಂಡಗಳಿಗೆ ಸೇರಿಸಿ ಅಲ್ಲಿಗೇ ಮುಗಿಸುತ್ತೇವೆ. ಆ ಆಟಗಳ ಬಗ್ಗೆ ನನಗೆ ಅಗೌರವವಿಲ್ಲ. ಖೊಖೊ ಆಡಿದ ಹುಡುಗಿಯ ಕಾಲಿನ ಚುರುಕು ಮಿಡ್‌ಫೀಲ್ಡಿಗೆ ನೇರವಾಗಿ ಒದಗುತ್ತದೆ ಎಂದೇ ನನ್ನ ನಂಬಿಕೆ. ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಕ್ರಿಕೆಟ್ಟಿನ ಪಿಚ್ಚು ಉಳಿಯುವುದಿಲ್ಲ, ಓಟದ ಟ್ರ್ಯಾಕು ಕೆಸರಾಗುತ್ತದೆ. ಆ ನಾಲ್ಕು ತಿಂಗಳು ಬಯಲಿನಲ್ಲಿ ಆಡಬಹುದಾದ ಆಟ ಫುಟ್‌ಬಾಲ್ ಒಂದೇ ಎಂದರೂ ತಪ್ಪಿಲ್ಲ.

ಘಟ್ಟದ ಮೇಲೆ ನಮ್ಮದೇ ಎರಡು ಉದಾಹರಣೆಗಳಿವೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದರು. ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಸಿದ್ದಿ ಮಕ್ಕಳ ಪಾಲಿಗೆ ಆ ಯೋಜನೆ ನಿಂತುಹೋಯಿತು. ಕ್ರೀಡಾ ಕೋಟಾದ ನೌಕರಿ ಸಿಕ್ಕವರು ದಡ ಸೇರಿದರು, ಉಳಿದವರು ಕಾಡಿನ ಊರುಗಳಿಗೆ, ಗದ್ದೆಯ ಕೂಲಿಗೆ ಮರಳಿದರು. ಮಕ್ಕಳನ್ನು ಊರಿನಿಂದ ಎತ್ತಿಕೊಂಡು ಹೋಗಿ ಬೆಳೆಸಿದ್ದೇ ಹೊರತು, ಊರಿನಲ್ಲಿ ಏನನ್ನೂ ಕಟ್ಟಿರಲಿಲ್ಲ. ಎರಡನೆಯ ಉದಾಹರಣೆ ಹಳಿಯಾಳದ ಕುಸ್ತಿ. ಅಲ್ಲಿ ಗರಡಿಯ ಹಳೆಯ ಪರಂಪರೆ ಇತ್ತು, ಅದರ ಮೇಲೆ ಕ್ರೀಡಾ ವಸತಿ ನಿಲಯ ಬಂತು, ಇಂದು ಅಲ್ಲಿಯ ಹುಡುಗಿಯರೂ ಮ್ಯಾಟಿನ ಮೇಲೆ ಇಳಿಯುತ್ತಾರೆ, ಗೆಲ್ಲುತ್ತಾರೆ. ಇಂಫಾಲದ ಕೇರಿ ಕ್ಲಬ್ಬಿಗೆ ನಮ್ಮ ಜಿಲ್ಲೆಯಲ್ಲಿ ಹತ್ತಿರದ ಸಮಾನ ಹುಡುಕಿದರೆ ನನಗೆ ಕಾಣುವುದು ಹಳಿಯಾಳದ ಗರಡಿಯೇ.

ಉಪನ್ಯಾಸದ ನಂತರ ಶಿಕ್ಷಕರೊಬ್ಬರು, ಹುಡುಗಿಯರ ತಂಡ ಕಟ್ಟಲು ಯಾವ ತರಗತಿಯಿಂದ ಆರಂಭಿಸಬೇಕು ಎಂದು ಕೇಳಿದರು. ಪ್ರೌಢಶಾಲೆಗೆ ಕಾಯಬೇಡಿ ಎಂದೆ. ಬೆಂಬೆಮ್ ಮೂರನೆಯ, ನಾಲ್ಕನೆಯ ತರಗತಿಯ ವಯಸ್ಸಿನಲ್ಲಿ ಹುಡುಗರ ಜೊತೆಗೇ ಕಲಿತರು. ಆ ವಯಸ್ಸಿನಲ್ಲಿ ಓಟದ ವೇಗದಲ್ಲಾಗಲಿ ಬಲದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸವಿರುವುದಿಲ್ಲ, ಹುಡುಗಿಯರು ಹುಡುಗರೊಡನೆ ಕೂಡಿ ಆಡುವ ಪುಟ್ಟ ಮಕ್ಕಳ ಲೀಗುಗಳನ್ನು ಈಗ ಫೆಡರೇಷನ್ನೇ ಪ್ರೋತ್ಸಾಹಿಸುತ್ತದೆ. ಸುಳ್ಳು ಹೆಸರು ಹೇಳಬೇಕಾದ ಕಾಲ ಇದಲ್ಲ. ಹನ್ನೊಂದು ಜನ ಸಿಗುವವರೆಗೂ ಕಾಯಬೇಕಾಗಿಲ್ಲ, ಐದೈದು ಮಂದಿಯ ಆಟ ಸಾಕು, ಅಂಗಳದಷ್ಟು ಜಾಗ ಸಾಕು.

ತಾಯಿಯೊಬ್ಬರು ಎದ್ದು, ‘ಆಡಲಿ ಸರ್, ನಾವು ಬೇಡ ಅನ್ನೂದಿಲ್ಲ, ಆದ್ರೆ ಮುಂದೆ ಎಂತ ಮಾಡೂದು?’ ಎಂದು ಕೇಳಿದರು. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ನೇರವಾದದ್ದು ಇದೇ. ಅವರಿಗೆ ನಾನು ಲೀಗಿನ ಹಣದ ಆಸೆ ತೋರಿಸಲಿಲ್ಲ. ಇಂದಿಗೂ ಅದರಿಂದ ಸಂಸಾರ ನಡೆಸಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ರೈಲ್ವೆಯಲ್ಲಿ, ಸಶಸ್ತ್ರ ಸೀಮಾ ಬಲದಲ್ಲಿ ಮಹಿಳಾ ಫುಟ್‌ಬಾಲ್ ತಂಡಗಳಿವೆ, ಆಟ ನೋಡಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳಾ ತಂಡ 2023ರಲ್ಲಿ ರಾಷ್ಟ್ರೀಯ ಲೀಗಿನ ಫೈನಲಿಗೆ ಹೋಗಿತ್ತು, ರಾಜ್ಯದೊಳಗೇ ಆಡಲು ಜಾಗವಿದೆ. ಪದವಿ ಮುಗಿಸಿ ದೈಹಿಕ ಶಿಕ್ಷಣದ ತರಬೇತಿ ಪಡೆದರೆ ಶಾಲೆಯ ಕೆಲಸವಿದೆ, ಫೆಡರೇಷನ್ನಿನ ಕೋಚಿಂಗ್ ಪರವಾನಗಿ ಪರೀಕ್ಷೆಗಳಿಗೆ ಹೆಂಗಸರು ಬರುವುದು ಇನ್ನೂ ಕಡಿಮೆ ಇರುವುದರಿಂದ ಅಲ್ಲಿ ಬೇಡಿಕೆ ಇದೆ ಎಂದು ಹೇಳಿದೆ. ಓದನ್ನು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ ಎಂದೆ. ಅವರ ಮಗಳು ಎಂಟನೆಯ ತರಗತಿಯಂತೆ, ಈಗಾಗಲೇ ತಾಲೂಕಿಗೆ ಖೊಖೊ ಆಡಿದ್ದಾಳಂತೆ.